ಗೊತ್ತಿರುವುದರ ಪಕ್ಕದಲ್ಲಿ ಗೊತ್ತಿಲ್ಲದ್ದನ್ನು ಇಟ್ಟು ಬರೆಯೋಣ

(ನಮ್ಮ ಸಂಘವು ರಿಯಾದ್‌ನಲ್ಲಿ ಸದಸ್ಯರಿಗಾಗಿ ನಡೆಸಿದ ಬರವಣಿಗೆ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)





ಮೊದಲೇ ಹೇಳಿಬಿಡುತ್ತೇನೆ, ನಾನು ಸಾಹಿತಿ ಅಲ್ಲ. ಬಿ.ಕಾಂ. ಓದಿದವನು, ಕಂಪೆನಿಯಲ್ಲಿ ಕೂತು ಲೆಕ್ಕ ಬರೆಯುವವನು. ಆದರೆ ನಮ್ಮ ಪತ್ರಿಕೆಗೆ ಬರುವ ಲೇಖನಗಳನ್ನು ಮೊದಲು ಓದುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆ ಓದಿನಲ್ಲಿ ಕಂಡ ಒಂದು ವಿಷಯವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಮ್ಮವರ ಲೇಖನಗಳಲ್ಲಿ ಅತಿ ಹೆಚ್ಚು ಬರುವ ಶಬ್ದ ಯಾವುದು ಗೊತ್ತುಂಟಾ? "ತುಂಬಾ". ಇಲ್ಲಿ ತುಂಬಾ ಬಿಸಿಲು. ಕೆಲಸ ತುಂಬಾ ಕಷ್ಟ. ಕಟ್ಟಡಗಳು ತುಂಬಾ ಎತ್ತರ. ಊರಿನ ನೆನಪು ತುಂಬಾ ಆಗುತ್ತದೆ. ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಬಂಟ್ವಾಳದ ಮನೆಯ ಜಗಲಿಯಲ್ಲಿ ಕೂತು ಓದುವ ಉಮ್ಮನಿಗೆ ಇದರಿಂದ ಏನು ಗೊತ್ತಾಯಿತು? "ತುಂಬಾ ಬಿಸಿಲು" ಅಂದರೆ ಅವರು ತಮ್ಮ ಅಂಗಳದ ಏಪ್ರಿಲ್ ತಿಂಗಳ ಬಿಸಿಲನ್ನು ನೆನಪಿಸಿಕೊಳ್ಳುತ್ತಾರೆ. ಅವರಿಗೆ ಗೊತ್ತಿರುವುದು ಅದೊಂದೇ. ನೀವು ಹೇಳಿದ್ದು ಒಂದು, ಅವರಿಗೆ ಮುಟ್ಟಿದ್ದು ಇನ್ನೊಂದು.

ನಮ್ಮ ಲೆಕ್ಕದ ಕೆಲಸದಲ್ಲಿ ಒಂದು ಪದ್ಧತಿ ಉಂಟು. ಬ್ಯಾಲೆನ್ಸ್ ಶೀಟ್ ಮಾಡುವಾಗ ಈ ವರ್ಷದ ಅಂಕಿಯ ಪಕ್ಕದಲ್ಲಿ ಕಳೆದ ವರ್ಷದ ಅಂಕಿಯನ್ನೂ ಬರೆಯಲೇಬೇಕು. ಅಂಗಡಿಯ ಲಾಭ ಹತ್ತು ಲಕ್ಷ ಅಂದರೆ ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ. ಹೋದ ವರ್ಷ ಇಪ್ಪತ್ತು ಲಕ್ಷ ಇತ್ತು ಅಂತ ಪಕ್ಕದಲ್ಲಿ ಕಂಡರೆ ಆಗ ಕೂಡಲೇ ಎದೆ ಧಸಕ್ ಅನ್ನುತ್ತದೆ. ಅಂಕಿ ಅದೇ, ಪಕ್ಕದಲ್ಲಿ ಇನ್ನೊಂದು ಕಾಲಂ ಬಂದಾಗ ಅದಕ್ಕೆ ಅರ್ಥ ಬಂತು. ಬರವಣಿಗೆಯೂ ಹಾಗೆಯೇ. ಓದುವವರಿಗೆ ಗೊತ್ತಿಲ್ಲದ್ದನ್ನು ಹೇಳಬೇಕಾದರೆ ಅವರಿಗೆ ಗೊತ್ತಿರುವ ಒಂದನ್ನು ಪಕ್ಕದ ಕಾಲಂನಲ್ಲಿ ಇಡಬೇಕು. ಇಟ್ಟು, ಎರಡರ ನಡುವಿನ ವ್ಯತ್ಯಾಸವನ್ನು ತೋರಿಸಬೇಕು. ಇವತ್ತಿನ ನನ್ನ ಮಾತು ಇಷ್ಟೇ. ಉಳಿದದ್ದೆಲ್ಲ ಉದಾಹರಣೆ.

ಇದು ಹೊಸ ಉಪಾಯ ಅಲ್ಲ. ಇಬ್ನ್ ಬತೂತಾ ಎಂಬ ಪ್ರವಾಸಿಯ ಹೆಸರು ನೀವೆಲ್ಲ ಕೇಳಿದ್ದೀರಿ. ಮೊರೊಕ್ಕೋ ದೇಶದ ತಂಜಾ ಪಟ್ಟಣದಲ್ಲಿ 1304ರಲ್ಲಿ ಹುಟ್ಟಿದವರು. 1325ರಲ್ಲಿ ಹಜ್ಜ್‌ಗೆಂದು ಮನೆ ಬಿಟ್ಟು, ಮುಂದೆ ಅರ್ಧ ಜಗತ್ತನ್ನೇ ಸುತ್ತಿದರು. 1342ರ ಸುಮಾರಿಗೆ ನಮ್ಮ ಮಂಗಳೂರಿಗೂ ಬಂದಿದ್ದರು. ಮಂಜರೂರು ಅಂತ ಅವರು ಕರೆದದ್ದು ನಮ್ಮ ಊರನ್ನೇ. ಅಲ್ಲಿಗೆ ಫಾರ್ಸ್ ಮತ್ತು ಯಮನ್ ಕಡೆಯ ವ್ಯಾಪಾರಿಗಳು ಬಂದಿಳಿಯುತ್ತಾರೆ, ಕರಿಮೆಣಸು, ಶುಂಠಿ ಬೇಕಾದಷ್ಟು ಸಿಗುತ್ತದೆ, ಪಟ್ಟಣದ ಪಕ್ಕದಲ್ಲಿ ಸುಮಾರು 4,000 ಮುಸ್ಲಿಮರು ಇದ್ದಾರೆ ಅಂತ ಬರೆಸಿದ್ದಾರೆ. ನಾವು ಈಗ ಅಲ್ಲಿಂದ ಇಲ್ಲಿಗೆ ಬಂದ ಹಾಗೆ, ಆಗ ಇಲ್ಲಿಯವರು ಅಲ್ಲಿಗೆ ಹೋಗುತ್ತಿದ್ದರು.

ಅವರು ಊರಿಗೆ ಮರಳಿದ ಮೇಲೆ ತಮ್ಮ ಪ್ರವಾಸವನ್ನು ಹೇಳಿ ಬರೆಸಿದರು. ಅದು ಮುಗಿದದ್ದು 1355ರಲ್ಲಿ. ಈಗ ಅವರ ಕಷ್ಟ ಯೋಚಿಸಿ. ಕೇಳುವವರು ಮೊರೊಕ್ಕೋದವರು. ತೆಂಗಿನಕಾಯಿಯನ್ನು ಜನ್ಮದಲ್ಲಿ ಕಂಡವರಲ್ಲ. ಅವರಿಗೆ ತೆಂಗನ್ನು ಹೇಗೆ ತೋರಿಸುವುದು? ಒಮಾನಿನ ಸಲಾಲಾ ಕಡೆಯ ಧೋಫಾರ್ ವಿಷಯ ಹೇಳುವಾಗ ಅವರು ತೆಂಗನ್ನು ವರ್ಣಿಸುತ್ತಾರೆ. ಮರ ನೋಡಲಿಕ್ಕೆ ಖರ್ಜೂರದ ಮರದ ಹಾಗೆಯೇ, ಆದರೆ ಅದರಲ್ಲಿ ಖರ್ಜೂರ ಆಗುತ್ತದೆ, ಇದರಲ್ಲಿ ಕಾಯಿ ಆಗುತ್ತದೆ ಅನ್ನುತ್ತಾರೆ. ಕಾಯಿ ಹೇಗುಂಟು? ಮನುಷ್ಯನ ತಲೆಯ ಹಾಗೆ. ಎರಡು ಕಣ್ಣು, ಒಂದು ಬಾಯಿ, ಮೇಲೆ ಕೂದಲಿನ ಹಾಗೆ ನಾರು, ಎಳೆಯದಾದರೆ ಒಳಗೆ ಮಿದುಳಿನ ಹಾಗೆ ತಿರುಳು. ಆ ನಾರಿನಿಂದ ಹಗ್ಗ ಮಾಡಿ, ಕಬ್ಬಿಣದ ಮೊಳೆ ಇಲ್ಲದೆ ಹಡಗಿನ ಹಲಗೆಗಳನ್ನು ಹೊಲಿಯುತ್ತಾರೆ ಎಂಬುದನ್ನೂ ಸೇರಿಸುತ್ತಾರೆ. ಮಲಬಾರಿನ ಕರಿಮೆಣಸಿನ ಬಳ್ಳಿಯನ್ನು ದ್ರಾಕ್ಷಿ ಬಳ್ಳಿಗೆ ಹೋಲಿಸಿ, ಅದು ತೆಂಗಿನ ಮರಕ್ಕೆ ಹಬ್ಬುತ್ತದೆ ಅನ್ನುತ್ತಾರೆ.

ಅವರ ಕೆಲಸದ ಕ್ರಮ ಗಮನಿಸಿ. ಮೊದಲು ಓದುಗನ ಅಂಗಳದಲ್ಲೇ ಇರುವ ಮರ, ಖರ್ಜೂರ. ಆಮೇಲೆ "ಆದರೆ". ಆ "ಆದರೆ"ಯ ನಂತರ ಹೊಸ ವಿಷಯ. ಓದುಗ ಮನೆಯಿಂದ ಹೊರಟು, ಗೊತ್ತಿರುವ ದಾರಿಯಲ್ಲೇ ನಡೆದು, ಗೊತ್ತಿಲ್ಲದ ಊರಿಗೆ ಬಂದು ಮುಟ್ಟುತ್ತಾನೆ.

ನಮ್ಮದು ಇದರ ತಿರುಗಾಮುರುಗ. ನಮ್ಮ ಮನೆಯವರಿಗೆ ತೆಂಗು ಗೊತ್ತು, ಖರ್ಜೂರದ ಮರ ಗೊತ್ತಿಲ್ಲ. ಹಣ್ಣು ಗೊತ್ತು, ರಂಝಾನಿನಲ್ಲಿ ಪ್ಯಾಕೆಟ್ ಬರುತ್ತದೆ. ಮರದ ಬಗ್ಗೆ ಬರೆಯಿರಿ ಅಂದರೆ ನಾನು ಹೀಗೆ ಬರೆಯುತ್ತೇನೆ. "ದೂರದಿಂದ ನೋಡಿದರೆ ನಮ್ಮ ತೆಂಗಿನ ತೋಟವೇ. ಹತ್ತಿರ ಹೋದರೆ ಹೆಡೆಯ ಬುಡದಲ್ಲಿ ಬೆರಳುದ್ದದ ಮುಳ್ಳು. ತೆಂಗಿನಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಹೊಂಬಾಳೆಯಲ್ಲಿ ಇರುತ್ತವೆ. ಖರ್ಜೂರದಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ತೋಟದವರು ಗಂಡು ಹೂವನ್ನು ತಂದು ಹೆಣ್ಣು ಮರ ಹತ್ತಿ ಕೈಯಾರೆ ಪರಾಗ ಹಾಕಬೇಕು. ತೆಂಗು ವರ್ಷವಿಡೀ ಕಾಯಿ ಕೊಡುತ್ತದೆ. ಇದು ವರ್ಷಕ್ಕೆ ಒಂದೇ ಬಾರಿ, ಅದೂ ನೆತ್ತಿ ಸುಡುವ ಬೇಸಗೆಯಲ್ಲಿ." ನಾಲ್ಕಾರು ಸಾಲು. "ಖರ್ಜೂರದ ಮರ ತುಂಬಾ ಸುಂದರ" ಅಂತ ಒಂದು ಪುಟ ಬರೆದರೂ ಇಷ್ಟು ಕಾಣುವುದಿಲ್ಲ.

ಈಗ ನಮ್ಮ ಬಿಸಿಲಿಗೆ ಬರೋಣ. ಇದು ಬರೀ ಸಾಹಿತ್ಯದ ವಿಷಯ ಅಲ್ಲ, ಜೀವದ ವಿಷಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಂಗಳೂರಿನ ಏಪ್ರಿಲ್, ಮೇ ತಿಂಗಳಿನಲ್ಲಿ ಉಷ್ಣಾಂಶ 33-34 ಡಿಗ್ರಿ. ರಿಯಾದ್‌ನ ಜುಲೈಯಲ್ಲಿ 43, 45. ಈ ಅಂಕಿ ಮಾತ್ರ ಬರೆದರೆ ಊರಿನವರು "ಹತ್ತು ಡಿಗ್ರಿ ಜಾಸ್ತಿ" ಅಂದುಕೊಳ್ಳುತ್ತಾರೆ. ನಿಜವಾದ ವ್ಯತ್ಯಾಸ ಅಲ್ಲಿ ಇಲ್ಲ. ನಮ್ಮ ಊರಿನದ್ದು ಸೆಕೆ. ಗಾಳಿಯಲ್ಲಿ ನೀರು ತುಂಬಿರುತ್ತದೆ, ಬೆವರು ಆರುವುದಿಲ್ಲ. ಸುಮ್ಮನೆ ಕೂತರೂ ಅಂಗಿ ಬೆನ್ನಿಗೆ ಅಂಟುತ್ತದೆ. ಇಲ್ಲಿಯದು ಒಣ ಬಿಸಿಲು. ಬೆವರು ಹೊರಗೆ ಬಂದ ಕೂಡಲೇ ಗಾಳಿ ಅದನ್ನು ಹೀರಿಕೊಂಡು ಬಿಡುತ್ತದೆ. ಅಂಗಿ ಒದ್ದೆಯೇ ಆಗುವುದಿಲ್ಲ. ಸಂಜೆ ರೂಮಿಗೆ ಬಂದು ಅಂಗಿ ಬಿಚ್ಚಿದರೆ ಕಂಕುಳ ಹತ್ತಿರ, ಬೆನ್ನ ಮೇಲೆ ಬಿಳಿ ಗೆರೆ. ಅದು ಉಪ್ಪು. ನಮ್ಮ ಮೈಯಿಂದ ಹೋದ ಉಪ್ಪು.

ಊರಿನಿಂದ ಹೊಸತಾಗಿ ಬಂದ ಹುಡುಗ ಏನು ಮಾಡುತ್ತಾನೆ? ಊರಿನ ಅಳತೆಯನ್ನೇ ಇಲ್ಲಿಗೆ ತರುತ್ತಾನೆ. ಅಲ್ಲಿ ಅಂಗಿ ಒದ್ದೆಯಾದರೆ ನೀರು ಕುಡಿಯಬೇಕು ಅಂತ ಮೈಯೇ ಹೇಳುತ್ತಿತ್ತು. ಇಲ್ಲಿ ಅಂಗಿ ಒಣಗಿಯೇ ಇದೆ, ಹಾಗಾದರೆ ನನಗೆ ಬೆವರಲಿಲ್ಲ ಅಂದುಕೊಂಡು ನೀರು ಕುಡಿಯದೆ ಉಳಿಯುತ್ತಾನೆ. ಮಧ್ಯಾಹ್ನಕ್ಕೆ ತಲೆ ತಿರುಗುತ್ತದೆ. ಇಲ್ಲಿಯ ಸರಕಾರ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ನಿಯಮ ಮಾಡಿರುವುದು ಸುಮ್ಮನೆ ಅಲ್ಲ. ಆದರೆ ಬೆಳಿಗ್ಗೆ ಹತ್ತು ಗಂಟೆಗೂ ಬೆವರು ಹೋಗುತ್ತಲೇ ಇರುತ್ತದೆ.

ಹೊಸಬನಿಗೆ "ನೀರು ಜಾಸ್ತಿ ಕುಡಿ" ಅಂತ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾನೆ. ಬದಲಿಗೆ ಹೀಗೆ ಬರೆಯಿರಿ. "ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ವಾಸನೆ ಬರುತ್ತದೆ. ಇಲ್ಲಿ ಒದ್ದೆ ಲುಂಗಿಯನ್ನು ಹೊರಗೆ ಹಾಕಿ ಒಂದು ಚಾ ಕುಡಿದು ಬರುವುದರೊಳಗೆ ಹಪ್ಪಳದ ಹಾಗೆ ಆಗಿರುತ್ತದೆ. ಲುಂಗಿಗೆ ಆದದ್ದೇ ನಿನ್ನ ಮೈಗೂ ಆಗುತ್ತದೆ." ಇದು ಅವನಿಗೆ ನಾಟುತ್ತದೆ. ಯಾಕೆಂದರೆ ಒಣಗದ ಬಟ್ಟೆ ಅವನಿಗೆ ಗೊತ್ತು. ಅದೇ ದಮ್ಮಾಮ್, ಜುಬೈಲ್ ಕಡೆ ಇರುವವರು ಹೀಗೆ ಬರೆಯಬೇಡಿ. ಅಲ್ಲಿ ಸಮುದ್ರ ಹತ್ತಿರ, ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಉಳ್ಳಾಲದ ಸೆಕೆಯೇ ಇರುತ್ತದೆ, ಮೇಲಿಂದ ಇಲ್ಲಿಯ ಬಿಸಿಲು. "ಗಲ್ಫಿನಲ್ಲಿ ಹೀಗೆ" ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅದೂ ತಪ್ಪು ಲೆಕ್ಕ.

ಇನ್ನೊಂದು ಉದಾಹರಣೆ, ನಮ್ಮ ರೂಮು. ಊರಿನ ಮಕ್ಕಳು ವಿಡಿಯೋ ಕಾಲಿನಲ್ಲಿ ಕಾಣುವುದು ನಮ್ಮ ಮುಖ, ಹಿಂದಿನ ಗೋಡೆ. ಗೋಡೆ ಬಿಳಿ ಉಂಟು, ಎ.ಸಿ. ಶಬ್ದ ಕೇಳುತ್ತದೆ. ಉಪ್ಪ ಆರಾಮದಲ್ಲಿದ್ದಾರೆ ಅಂದುಕೊಳ್ಳುತ್ತಾರೆ. ಕ್ಯಾಂಪಿನ ರೂಮನ್ನು ಒಂದು ಸಾಲಿನಲ್ಲಿ ಹೇಗೆ ಹೇಳುವುದು? ಮತ್ಸ್ಯಗಂಧ ರೈಲಿನಲ್ಲಿ ಬೊಂಬಾಯಿಗೆ ಹೋದವರು ನಮ್ಮಲ್ಲಿ ಬೇಕಾದಷ್ಟು ಜನ. ಸ್ಲೀಪರ್ ಬೋಗಿ ಎಲ್ಲರಿಗೂ ಗೊತ್ತು. "ನಮ್ಮ ಮಂಚಗಳು ರೈಲಿನ ಬರ್ತಿನ ಹಾಗೆ ಒಂದರ ಮೇಲೊಂದು. ಮೇಲಿನವನು ಮಗ್ಗುಲಾದರೆ ಕೆಳಗಿನವನಿಗೆ ಎಚ್ಚರ. ಬ್ಯಾಗು ಮಂಚದ ಅಡಿಯಲ್ಲಿ. ಆದರೆ ರೈಲಿನಲ್ಲಿ ಬೆಳಿಗ್ಗೆ ಇಳಿದು ಹೋಗುತ್ತೇವೆ." ಇಷ್ಟು ಬರೆದು ನಿಲ್ಲಿಸಿ. ಮುಂದೆ ಏನೂ ಬೇಡ. "ಎಷ್ಟು ವರ್ಷದಿಂದ ಈ ಬರ್ತಿನಲ್ಲಿ ಇದ್ದೇನೆ" ಅಂತ ನೀವು ಹೇಳುವುದೇ ಬೇಡ, ಓದುವ ಮಗನೇ ಲೆಕ್ಕ ಹಾಕುತ್ತಾನೆ.

ಹೋಲಿಕೆ ಯಾವಾಗ ಕೆಲಸ ಮಾಡುತ್ತದೆ ಎಂಬುದು ಈಗ ಗೊತ್ತಾಯಿತಲ್ಲ? ಹೋಲುವ ಕಡೆ ಅಲ್ಲ, ಹೋಲದ ಕಡೆ. "ನಮ್ಮ ಮಂಚ ರೈಲಿನ ಬರ್ತಿನ ಹಾಗೆ" ಅನ್ನುವಲ್ಲಿಗೆ ನಿಲ್ಲಿಸಿದರೆ ಅದೊಂದು ತಮಾಷೆ. ಇಳಿಯುವ ಸ್ಟೇಷನ್ ಇಲ್ಲ ಅಂದಾಗ ಅದು ನಮ್ಮ ಬದುಕು. ಖುಬೂಸನ್ನು ಪತ್ತಿರಿಗೆ ಹೋಲಿಸುವವರು ಇದ್ದಾರೆ. ಎರಡೂ ಉರುಟು, ಎರಡನ್ನೂ ಹರಿದು ಸಾರಿಗೆ ಅದ್ದಿ ತಿನ್ನುವುದು, ಸರಿ. ಆದರೆ ಪತ್ತಿರಿಗೆ ಅಕ್ಕಿ ಹಿಟ್ಟು ಕಲಸಿ, ತಟ್ಟಿ, ಒಲೆಯ ಮುಂದೆ ಒಬ್ಬರು ನಿಂತಿರಲೇಬೇಕು. ಖುಬೂಸು ಬಕಾಲದಲ್ಲಿ ಪ್ಯಾಕೆಟಿನಲ್ಲಿ ಸಿಗುತ್ತದೆ, ಯಾರೂ ನಿಲ್ಲಬೇಕಾಗಿಲ್ಲ. ವ್ಯತ್ಯಾಸ ಇರುವುದು ಹಿಟ್ಟಿನಲ್ಲಿ ಮಾತ್ರ ಅಲ್ಲ.

ದೊಡ್ಡ ವಸ್ತುಗಳ ವಿಷಯ ಬೇಗ ಮುಗಿಸುತ್ತೇನೆ. ದುಬೈಯ ಬುರ್ಜ್ ಖಲೀಫಾ 828 ಮೀಟರ್. ಈ ಅಂಕಿ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. 253 ಮೀಟರಿನ ಜೋಗ ಜಲಪಾತವನ್ನು ಒಂದರ ಮೇಲೊಂದು ಮೂರು ಇಟ್ಟರೂ ಅದರ ತುದಿ ಮುಟ್ಟುವುದಿಲ್ಲ ಅಂತ ಹೇಳಬಹುದು. ಜೋಗ ನೋಡದವರಿಗೆ 20 ಮೀಟರ್ ಎತ್ತರದ ತೆಂಗಿನ ಮರ 42 ಬೇಕು ಅನ್ನಿ. ಇಲ್ಲಿಯ ರುಬುಲ್ ಖಾಲಿ ಮರುಭೂಮಿ ಸುಮಾರು 6,50,000 ಚದರ ಕಿಲೋಮೀಟರ್, ಕರ್ನಾಟಕ 1,91,791. ಅಂದರೆ ನಮ್ಮ ರಾಜ್ಯದಂಥ ಮೂರು ರಾಜ್ಯಗಳು ಅದರೊಳಗೆ ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಇದೆಲ್ಲ ಮಕ್ಕಳಿಗೆ ಖುಷಿ ಕೊಡುತ್ತದೆ. ಆದರೆ ನಮ್ಮ ಪತ್ರಿಕೆಗೆ ಇದಕ್ಕಿಂತ ಮೇಲಿನ ಮಂಚದ ವಿಷಯವೇ ಹೆಚ್ಚು ಬೇಕು.

ಹೋಲಿಸುವಾಗ ಗಮನಿಸಬೇಕಾದ ಕೆಲವು ವಿಷಯ ಉಂಟು.

ಮೊದಲನೆಯದು, ಓದುವವರು ಯಾರು ಅಂತ ನೋಡಿ. ನಮಗೆ ಗೊತ್ತಿರುವುದೆಲ್ಲ ಅವರಿಗೆ ಗೊತ್ತಿರುವುದಿಲ್ಲ. ಉಳ್ಳಾಲದವರಿಗೆ ದೋಣಿ, ಬಲೆ, ಬೂತಾಯಿ ಅಂದರೆ ಕೂಡಲೇ ಅರ್ಥವಾಗುತ್ತದೆ. ಸುಳ್ಯ, ಬೆಳ್ತಂಗಡಿ ಕಡೆಯವರಿಗೆ ಅಡಿಕೆ ತೋಟ, ಕೊಟ್ಟೆ ಕಟ್ಟುವುದು, ಅಂಗಳದಲ್ಲಿ ಅಡಿಕೆ ಒಣಗಿಸುವುದು ಹತ್ತಿರ. ನಾವು ಬ್ಯಾರಿಗಳು ಮನೆಯಲ್ಲಿ ಬ್ಯಾರಿ ಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಲ್ಲಿ ಸೈಟಿನಲ್ಲಿ ಹಿಂದಿ, ಮಲಯಾಳ, ಅರಬಿ ಮಾತಾಡುವವರು. ನಮ್ಮ ತಲೆಯಲ್ಲಿ ಶಬ್ದಗಳು ಕಲಸಿಹೋಗಿವೆ. ಕಫೀಲ್, ಇಖಾಮಾ, ಬಕಾಲ ಅಂತ ನಾವು ಸಲೀಸಾಗಿ ಬರೆಯುತ್ತೇವೆ. ಊರಿನ ಓದುಗರಿಗೆ ಅದೇ ಒಂದು ಗೋಡೆ. ಗೊತ್ತಿಲ್ಲದ್ದನ್ನು ಇನ್ನೊಂದು ಗೊತ್ತಿಲ್ಲದ್ದರಿಂದ ವಿವರಿಸಿದರೆ ಸಾಲ ತೀರಿಸಲಿಕ್ಕೆ ಮತ್ತೆ ಸಾಲ ಮಾಡಿದ ಹಾಗೆ.

ಎರಡನೆಯದು, ಒಂದಕ್ಕೆ ಒಂದೇ ಹೋಲಿಕೆ ಸಾಕು. ಧೂಳಿನ ಗಾಳಿಗೆ ಕುದುರೆ, ರಾಕ್ಷಸ, ಸಮುದ್ರ, ಬೆಂಕಿ ಅಂತ ನಾಲ್ಕು ಹೋಲಿಕೆ ಕೊಟ್ಟರೆ ಓದುಗನಿಗೆ ಯಾವುದೂ ಕಾಣುವುದಿಲ್ಲ. ನಮ್ಮಲ್ಲಿ ಮೇ ಕೊನೆಯಲ್ಲಿ ಮಳೆ ಬರುವ ಮೊದಲು ಆಕಾಶ ಕಪ್ಪಾಗುತ್ತದೆ, ಗಾಳಿ ಬೀಸುತ್ತದೆ, ಉಮ್ಮ ಓಡಿ ಹೋಗಿ ಬಟ್ಟೆ ತೆಗೆಯುತ್ತಾರೆ, ಕಿಟಕಿ ಹಾಕುತ್ತಾರೆ. ಇಲ್ಲಿಯೂ ಹಗಲು ಕತ್ತಲಾಗುತ್ತದೆ, ನಾವೂ ಓಡಿ ಬಟ್ಟೆ ತೆಗೆದು ಕಿಟಕಿ ಹಾಕುತ್ತೇವೆ. ಆಮೇಲೆ ಅಲ್ಲಿ ಮಳೆ ಬಂದು ಮರದ ಎಲೆಯೆಲ್ಲ ತೊಳೆದು ಹೋಗುತ್ತದೆ. ಇಲ್ಲಿ ಧೂಳು ಬಂದು, ಮಂಚ, ಪಾತ್ರೆ, ಬಾಯೊಳಗಿನ ಹಲ್ಲು ಎಲ್ಲ ನಾವೇ ತೊಳೆಯಬೇಕು. ಈ ಒಂದು ಹೋಲಿಕೆ ಸಾಕಲ್ಲವಾ?

ಮೂರನೆಯದು, ಹೋಲಿಕೆಯನ್ನು ತಕ್ಕಡಿ ಮಾಡಬೇಡಿ. ಕೆಲವರು ಬರೆಯುತ್ತಾರೆ, ಇಲ್ಲಿಯ ರಸ್ತೆ ನೋಡಿ, ನಮ್ಮ ಊರಿನ ಹೊಂಡ ನೋಡಿ ಅಂತ. ಇನ್ನು ಕೆಲವರು ಊರಿನದ್ದೆಲ್ಲ ಚಿನ್ನ, ಇಲ್ಲಿಯದೆಲ್ಲ ಮಣ್ಣು ಅನ್ನುತ್ತಾರೆ. ಎರಡರಲ್ಲೂ ತೀರ್ಪು ಮೊದಲೇ ಬರೆದಾಗಿದೆ, ನೋಡಲಿಕ್ಕೆ ಏನೂ ಉಳಿದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಎರಡು ಕಾಲಂನಲ್ಲಿ ಇಡಿ, ಒಟ್ಟು ಮೊತ್ತವನ್ನು ಓದುಗರೇ ಹಾಕಿಕೊಳ್ಳಲಿ.

ಇನ್ನು ತಿರುಗಿ ಹೇಳಬೇಕಾದ ಒಂದು ಮಾತು. ಇಲ್ಲಿ ಹಿಂದಿನ ಸಾಲಿನಲ್ಲಿ ಮಕ್ಕಳು ಕೂತಿದ್ದಾರೆ. ಇಲ್ಲೇ ಹುಟ್ಟಿ ಬೆಳೆದವರು. ಇವರಿಗೆ ಫ್ಲಾಟು, ಲಿಫ್ಟು, ಶವರು ಗೊತ್ತು. ಗೊತ್ತಿಲ್ಲದ ದೇಶ ಯಾವುದು? ನಮ್ಮ ಊರು! ರಜೆಯಲ್ಲಿ ಹೋದಾಗ ಬಾವಿಯ ಹತ್ತಿರ ಹೋಗಲಿಕ್ಕೆ ಹೆದರುತ್ತಾರೆ, ಕರೆಂಟು ಹೋದರೆ ಅಳುತ್ತಾರೆ. ಇವರಿಗೆ ಬರೆಯುವಾಗ ಕಾಲಂ ಅದಲುಬದಲು ಮಾಡಬೇಕು. ಬಾವಿ ಅಂದರೆ ನೀರಿಗೆ ಇರುವ ಲಿಫ್ಟು. ವ್ಯತ್ಯಾಸ ಏನೆಂದರೆ ಗುಂಡಿ ಒತ್ತಿದರೆ ಬರುವುದಿಲ್ಲ, ರಾಟೆಯ ಹಗ್ಗ ಹಿಡಿದು ನೀನೇ ಎಳೆಯಬೇಕು, ಕೈ ಬಿಟ್ಟರೆ ಕೊಡಪಾನ ಕೆಳಗೆ. ಜೂನ್ ತಿಂಗಳ ಮಳೆ ಅಂದರೆ ಶವರ್ ತೆರೆದು ಮೂರು ದಿನ ನಿಲ್ಲಿಸಲಿಕ್ಕೆ ಮರೆತ ಹಾಗೆ, ಅದೂ ಇಡೀ ಊರಿನ ಮೇಲೆ. ರಿಯಾದ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು. ಅಂದರೆ ಇಲ್ಲಿಯ ಒಂದು ವರ್ಷದ ಮಳೆಯನ್ನು ನಮ್ಮ ಆಟಿ ತಿಂಗಳು ಎರಡು ಮೂರು ದಿನದಲ್ಲಿ ಸುರಿದು ಮುಗಿಸಬಹುದು.

ಇದೇ ನೀರಿನ ವಿಷಯವನ್ನು ಊರಿನ ಅಜ್ಜಿಗೆ ಹೇಳುವಾಗ ಬೇರೆ ರೀತಿ ಹೇಳಬೇಕು. "ಸಮುದ್ರದ ನೀರಿನಿಂದ ಉಪ್ಪು ತೆಗೆದು, ಜುಬೈಲಿನಿಂದ ನೂರಾರು ಕಿಲೋಮೀಟರ್ ಪೈಪಿನಲ್ಲಿ ತಂದು ನಮ್ಮ ನಲ್ಲಿಗೆ ಬಿಡುತ್ತಾರೆ. ನಿಮ್ಮ ಬಾವಿ ಅಡುಗೆಮನೆಯಿಂದ ಹತ್ತು ಹೆಜ್ಜೆ." ಅಜ್ಜಿ ಮುಂದಿನ ಸಲ ಕೊಡಪಾನ ಎಳೆಯುವಾಗ ತಮ್ಮ ಬಾವಿಯನ್ನೇ ಬೇರೆ ಕಣ್ಣಿನಿಂದ ನೋಡುತ್ತಾರೆ. ಗೊತ್ತಿಲ್ಲದ್ದನ್ನು ಹೇಳಲಿಕ್ಕೆ ಹೋದಾಗ ಗೊತ್ತಿದ್ದದ್ದೂ ಹೊಸತಾಗಿ ಕಾಣುತ್ತದೆ. ಇದು ಈ ಲೆಕ್ಕದಲ್ಲಿ ಸಿಗುವ ಬಡ್ಡಿ.

ನಮ್ಮ ಕರಾವಳಿಯ ಹಿರಿಯ ಲೇಖಕರು ಮಾಡಿದ್ದೂ ಇದನ್ನೇ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟಪಾಡಿ ಅವರು ಬರೆಯಲಿಕ್ಕೆ ಶುರು ಮಾಡಿದಾಗ ನಮ್ಮ ಮನೆಗಳ ಒಳಗಿನ ಬದುಕು ಕನ್ನಡ ಓದುಗರಲ್ಲಿ ಹೆಚ್ಚಿನವರಿಗೆ ಅಪರಿಚಿತ. ಬೊಳುವಾರು ಅವರ ಮುತ್ತುಪ್ಪಾಡಿ ಎಂಬ ಊರು ಭೂಪಟದಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ. ಆದರೆ ಅಲ್ಲಿಯ ಸಂಸಾರ, ಜಗಳ, ಹಸಿವು, ಹಾಸ್ಯ ಎಲ್ಲ ಊರಿನವರಿಗೂ ಗೊತ್ತಿರುವಂಥದ್ದು. ಗೊತ್ತಿರುವ ಅಂಗಳದಿಂದಲೇ ಓದುಗರನ್ನು ಅವರು ಗೊತ್ತಿಲ್ಲದ ಕೋಣೆಗೆ ಕರೆದುಕೊಂಡು ಹೋದರು. ನಾವು ಅವರಷ್ಟು ದೊಡ್ಡವರಲ್ಲ. ಆದರೆ ಕ್ಯಾಂಪಿನ ಕೋಣೆಯೊಳಗೆ ಓದುಗರನ್ನು ಕರೆದುಕೊಂಡು ಹೋಗಲಿಕ್ಕೆ ನಮ್ಮಿಂದ ಮಾತ್ರ ಸಾಧ್ಯ. ಒಳಗೆ ಇರುವವರು ನಾವೇ.

ಈಗ, ಇದೆಲ್ಲ ಲೇಖನ ಬರೆಯುವವರಿಗೆ ಮಾತ್ರ ಅಂತ ಯಾರಾದರೂ ಯೋಚಿಸುತ್ತಿದ್ದರೆ ಎರಡು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಆಸ್ಪತ್ರೆ. ನಮಗೆ ಅರಬಿ ಸರಿಯಾಗಿ ಬರುವುದಿಲ್ಲ, ನರ್ಸ್ ಮಲಯಾಳದವರು, ಡಾಕ್ಟರ್ ಬೇರೆ ದೇಶದವರು. "ಎದೆ ನೋವು, ತುಂಬಾ ನೋವು" ಅಂದರೆ ಸಾಲದು. ಡಾಕ್ಟರೇ ಕೇಳುತ್ತಾರೆ: ಚುಚ್ಚಿದ ಹಾಗೆ ಆಗುತ್ತದಾ, ಉರಿಯುತ್ತದಾ, ಭಾರ ಇಟ್ಟ ಹಾಗೆ ಆಗುತ್ತದಾ? ಇದೂ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಹೇಳುವ ಕೆಲಸವೇ. "ಎದೆಯ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗೆ, ಎಡಗೈಗೆ ಇಳಿಯುತ್ತಿದೆ, ಬೆವರು ಬರುತ್ತಿದೆ" ಅಂತ ಹೇಳಿದರೆ ಡಾಕ್ಟರ್ ಕೂಡಲೇ ಹೃದಯದ ಪರೀಕ್ಷೆಗೆ ಕಳಿಸುತ್ತಾರೆ. ರೂಮಿನಲ್ಲಿ ಯಾರಿಗಾದರೂ ಹೀಗೆ ಆದರೆ ಗ್ಯಾಸ್ ಅಂತ ಸೋಡಾ ಕುಡಿಸಿ ಮಲಗಿಸಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಹಾಗೆಯೇ ನಿಮ್ಮ ನೋವನ್ನು ನಿಮಗೆ ಗೊತ್ತಿರುವ ವಸ್ತುವಿನಿಂದ ಹೇಳುವುದನ್ನು ರೂಢಿ ಮಾಡಿಕೊಳ್ಳಿ.

ಎರಡು, ದೂರು. ಸಂಬಳ ಸರಿಯಾಗಿ ಸಿಗದವರು ರಾಯಭಾರ ಕಚೇರಿಗೋ, ಕಾರ್ಮಿಕ ಇಲಾಖೆಗೋ, ಭಾರತ ಸರಕಾರದ ಮದದ್ ಪೋರ್ಟಲಿಗೋ ದೂರು ಬರೆದುಕೊಡಿ ಅಂತ ನಮ್ಮ ಸಂಘಕ್ಕೆ ಬರುತ್ತಾರೆ. ಅವರು ಬರೆದು ತಂದ ಕಾಗದದಲ್ಲಿ "ನಮ್ಮನ್ನು ಪ್ರಾಣಿಗಳ ಹಾಗೆ ದುಡಿಸುತ್ತಾರೆ" ಅಂತ ಇರುತ್ತದೆ. ಸಂಕಟ ನಿಜ, ಒಬ್ಬರೂ ಅಲ್ಲಗಳೆಯುವುದಿಲ್ಲ. ಆದರೆ ದೂರಿನಲ್ಲಿ ಪ್ರಾಣಿ ಬೇಡ. ಅಲ್ಲಿಯೂ ಎರಡು ಕಾಲಂ ಬೇಕು, ಆದರೆ ಬೇರೆ ಎರಡು. ಎಡಕ್ಕೆ ಒಪ್ಪಂದದಲ್ಲಿ ಏನಿದೆ, ಬಲಕ್ಕೆ ನಡೆದದ್ದೇನು. ಉದಾಹರಣೆಗೆ, ಒಪ್ಪಂದ: ಸಂಬಳ 1,500 ರಿಯಾಲ್, ದಿನಕ್ಕೆ 8 ಗಂಟೆ, ಊಟದ ಭತ್ಯೆ 300. ನಡೆದದ್ದು: ಸಂಬಳ 1,200, ದಿನಕ್ಕೆ 11 ಗಂಟೆ, ಊಟದ ಭತ್ಯೆ ಇಲ್ಲ, ಯಾವ ತಿಂಗಳಿನಿಂದ, ಎಷ್ಟು ತಿಂಗಳು. ಅಧಿಕಾರಿಗೆ ಗೊತ್ತಿರುವುದು ಕಾನೂನು ಮತ್ತು ಒಪ್ಪಂದ. ಅವರಿಗೆ ಗೊತ್ತಿಲ್ಲದ್ದು ನಿಮ್ಮ ಸೈಟಿನಲ್ಲಿ ನಡೆದದ್ದು. ಗೊತ್ತಿರುವುದರ ಪಕ್ಕದಲ್ಲಿ ಗೊತ್ತಿಲ್ಲದ್ದನ್ನು ಇಟ್ಟರೆ ವ್ಯತ್ಯಾಸ ಅವರ ಕಣ್ಣಿಗೆ ಬೀಳುತ್ತದೆ. ಲೇಖನದಲ್ಲಿ ಅಕ್ಕಿ ಮೂಟೆ, ರೈಲಿನ ಬರ್ತು. ದೂರಿನಲ್ಲಿ ತಾರೀಕು, ಅಂಕಿ. ಕೆಲಸ ಒಂದೇ, ಸಾಮಾನು ಬೇರೆ.

ಇದರ ಜೊತೆಗೇ ಊರಿನಲ್ಲಿ ವೀಸಾಕ್ಕೆ ಕಾಯುವ ಹುಡುಗರನ್ನು ಮರೆಯಬಾರದು. ಏಜೆಂಟ್ "ಸೂಪರ್ ಮಾರ್ಕೆಟಿನಲ್ಲಿ ಕೆಲಸ" ಅಂದರೆ ಅವರು ಮಂಗಳೂರಿನ ಮಾಲ್ ನೆನಪಿಸಿಕೊಳ್ಳುತ್ತಾರೆ, ತಣ್ಣಗೆ ನಿಂತು ಬಿಲ್ ಹಾಕುವುದು. ಗೋದಾಮಿನಲ್ಲಿ ಲಾರಿಯಿಂದ ಪೆಟ್ಟಿಗೆ ಇಳಿಸುವುದೂ ಸೂಪರ್ ಮಾರ್ಕೆಟಿನ ಕೆಲಸವೇ ಅಂತ ಅವರಿಗೆ ಯಾರು ಹೇಳಬೇಕು? ನಾವು ಹೇಳಬೇಕು. ಬರಬೇಡಿ ಅನ್ನಲಿಕ್ಕಲ್ಲ, ನಾವೂ ಬಂದವರೇ. ತಿಳಿದು ಬರಲಿ ಅಂತ. ರಜೆಗೆ ಹೋದಾಗ ಅತ್ತರು, ಚಾಕಲೇಟು ಕೊಂಡುಹೋಗುತ್ತೇವೆ. ನಿಜವಾದ ನಾಲ್ಕು ಸಾಲನ್ನೂ ಕೊಂಡುಹೋದರೆ ಒಬ್ಬ ಹುಡುಗನ ಮನೆಯ ಚಿನ್ನ ಬ್ಯಾಂಕಿನಲ್ಲಿ ಅಡವು ಹೋಗುವ ಮೊದಲು ಅವನು ಒಮ್ಮೆ ವಿಚಾರಿಸಿ ನೋಡಬಹುದು.

ನಿಮಗೊಂದು ಮನೆಗೆಲಸ ಕೊಟ್ಟು ಇಳಿಯುತ್ತೇನೆ. ಇವತ್ತು ರೂಮಿಗೆ ಹೋಗಿ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಬಲಕ್ಕೆ, ಇಲ್ಲಿ ನೀವು ದಿನಾ ಕಾಣುವ ಒಂದು ವಸ್ತು. ಕ್ಯಾಂಪಿನ ಬಸ್ಸು ಇರಬಹುದು, ಸುರಕ್ಷತೆಯ ಹೆಲ್ಮೆಟ್ ಇರಬಹುದು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸರದಿ ಇರಬಹುದು. ಎಡಕ್ಕೆ, ನಿಮ್ಮ ಮನೆಯವರಿಗೆ ಗೊತ್ತಿರುವ, ಅದಕ್ಕೆ ಹತ್ತಿರದ ಒಂದು ವಸ್ತು. ಕೆಳಗೆ, ಯಾವುದು ಒಂದೇ, ಯಾವುದು ಬೇರೆ ಅಂತ ಹನ್ನೆರಡು ಸಾಲು. "ತುಂಬಾ" ಶಬ್ದ ಒಮ್ಮೆಯೂ ಬರಬಾರದು. ಅಕ್ಷರ ತಪ್ಪಿದರೆ ಚಿಂತೆ ಇಲ್ಲ, ಅದನ್ನು ತಿದ್ದಲಿಕ್ಕೆ ನಾವಿದ್ದೇವೆ. ಬರೆಯಲಿಕ್ಕೆ ಬಾರದವರು ಫೋನಿನಲ್ಲಿ ಮಾತಾಡಿ ಧ್ವನಿ ಕಳಿಸಿ, ನಾವು ಬರೆದುಕೊಳ್ಳುತ್ತೇವೆ. ಹಿಂದೆ ನಮ್ಮ ಹಿರಿಯರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿರಲಿಲ್ಲವಾ? ಹಾಗೆಯೇ. ಒಳ್ಳೆಯದನ್ನು ಆರಿಸಿ ಮುಂದಿನ ಸಂಚಿಕೆಗಳಲ್ಲಿ ಹಾಕೋಣ, ಇನ್‌ಶಾ ಅಲ್ಲಾಹ್.

 ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರ್ಕತ್ ನೀಡಲಿ, ನಮ್ಮ ಮನೆಯವರನ್ನು ಕಾಪಾಡಲಿ, ಆಮೀನ್.

ವಸ್ಸಲಾಂ.